ಫೈಲು ಹೊರಗೆ, ಅಡ್ರೆಸ್ಸು ಒಳಗೆ

ಸಂಕಮ್ಮನಕೊಪ್ಪಲಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಲಿಂಗಯ್ಯನಿಗೆ ಅನ್ಯಾಯವಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮಿರ್ಲೆಯಿಂದ ಸಾಲಿಗ್ರಾಮದವರೆಗೆ ಯಾವ ಹೋಟೆಲಿನಲ್ಲಿ ಕೂತು ಕೇಳಿದರೂ, ಲಿಂಗಯ್ಯನಿಗೆ ತಲೆ ಕೆಟ್ಟಿತ್ತು, ಊರಿನ ದಾಖಲೆಗಳನ್ನೆಲ್ಲ ಬೀದಿಗೆ ಹರವಿದ ಎಂದೇ ಹೇಳುತ್ತಾರೆ. ಹರವಿದ್ದು ನಿಜ. ಆದರೆ ಹೇಳಿದ ಮಾತನ್ನು ಹೇಳಿದ ಹಾಗೆ ಕೇಳುವ ಮನುಷ್ಯನಿಗೆ ಈ ನಾಡಿನಲ್ಲಿ ಏನು ಗತಿಯಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.

ಶುರುವಾದದ್ದು ಮೈಸೂರಿನ ಒಂದು ತರಬೇತಿಯಲ್ಲಿ. ಸಂಘಗಳ ಕಾರ್ಯದರ್ಶಿಗಳನ್ನೆಲ್ಲ ಏಸಿ ಹಾಕಿದ ಕೋಣೆಯಲ್ಲಿ ಕೂರಿಸಿ, ಟೈ ಕಟ್ಟಿದ ಮಹಾಶಯರೊಬ್ಬರು ‘ಕಾಗದರಹಿತ ಕಚೇರಿ’ ಎಂಬ ವಿಷಯದ ಮೇಲೆ ಮಾತಾಡಿದರು. ಮಾತು ಮುಗಿದ ಮೇಲೆ ಅದೇ ವಿಷಯದ ಮೇಲೆ ಒಂದು ದಪ್ಪ ಪುಸ್ತಕ, ಒಂದಷ್ಟು ಕರಪತ್ರ, ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರು. ಲಿಂಗಯ್ಯ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಊರಿಗೆ ಬಂದ. ಮರುದಿನ ಬೆಳಗ್ಗೆ ಹಾಲು ಹಾಕಲು ನಿಂತಿದ್ದವರ ಮುಂದೆ ಘೋಷಣೆಯೂ ಆಯಿತು.

“ಇನ್ಮೇಲೆ ನಮ್ ಡೈರೀಲಿ ಕಾಗ್ದ ಅನ್ನೋದೇ ಇರಕೂಡ್ದು. ಎಲ್ಲ ಕಂಪ್ಯೂಟ್ರೊಳಕ್ಕೇ ಹೋಗ್ಬೇಕು. ಆಧಾರು, ಪಾಸ್‌ಬುಕ್ಕು, ಪಹಣಿ, ಹಸಿನ ಇನ್ಶೂರೆನ್ಸು, ಎಲ್ಲಾ ತಂದ್ಕೊಡಿ. ಹಾಲಿನ ಚೀಟೀನೂ ಇಲ್ಲ, ಫೋನ್ಗೇ ಮೆಸೇಜ್ ಬತ್ತದೆ.”

ಅಂದೇ ಹಳೆಯ ರಸೀದಿ ಪುಸ್ತಕ, ಖಾಲಿ ಪುಸ್ತಕ, ಬಿಳಿ ಹಾಳೆ ಎಲ್ಲವನ್ನೂ ಸಾಲಿಗ್ರಾಮದ ಗುಜರಿಗೆ ಹಾಕಿ ಕೈ ತೊಳೆದುಕೊಂಡ.

ಸಂಘದ ಕಂಪ್ಯೂಟರಿನಲ್ಲಿ ಹಾಲಿನ ಲೆಕ್ಕದ ಒಂದು ಸಾಫ್ಟ್‌ವೇರ್ ಇತ್ತು. ಕೆ.ಆರ್. ನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮುದಸ್ಸಿರ್ ಹಾಕಿಕೊಟ್ಟದ್ದು. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಎಂಬುದೆಲ್ಲ ಅದರ ಡೇಟಾಬೇಸಿನಲ್ಲಿ ಸಾಲುಸಾಲಾಗಿ ಹೋಗಿ ಕೂರುತ್ತಿತ್ತು. ಪ್ರತಿಯೊಬ್ಬ ಸದಸ್ಯನ ಹೆಸರಿನ ಪಕ್ಕದಲ್ಲಿ ‘ದಾಖಲೆ ಸೇರಿಸಿ’ ಎಂಬ ಗುಂಡಿಯಿತ್ತು. ಒಬ್ಬೊಬ್ಬರದು ಒಂದು ಪುಟ್ಟ ಫೋಟೋ ಇರಲಿ ಎಂದು ಮುದಸ್ಸಿರ್ ಇಟ್ಟ ಗುಂಡಿ. ಲಿಂಗಯ್ಯ ಆ ಗುಂಡಿಯೊಳಗೆ ಊರನ್ನೇ ತುಂಬಿದ. ಸ್ಕ್ಯಾನ್ ಮಾಡಿ ಒತ್ತಿದರೆ ಅದು ‘ಟಿಂಗ್’ ಎನ್ನುತ್ತಿತ್ತು. ಎನ್ನದಿದ್ದರೆ ಎನ್ನುವವರೆಗೂ ಒತ್ತುತ್ತಿದ್ದ. ಹೀಗೆ ಒಂದೇ ಪಹಣಿ ಎಷ್ಟು ಸಲ ಒಳಗೆ ಹೋಯಿತೆಂದು ಹೇಳುವವರಿಲ್ಲ.

ಅಧ್ಯಕ್ಷ ಚಿಕ್ಕಬಸಪ್ಪನವರು ಕೆಲವು ದಿನ ಇದನ್ನು ನೋಡಿದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

“ಏನಯ್ಯ ಲಿಂಗಯ್ಯ, ಎಮ್ಮೆ ಫೋಟೋನೂ ಒಳೀಕೆ ಹೋಯ್ತಂತೆ. ಅಧ್ಯಕ್ಷರದು ಯಾವಾಗ?”

“ನಿಮ್ಮ ಆಧಾರ್ ಹಾಕಿವ್ನಿ ಅಧ್ಯಕ್ಷರೇ.”

“ಆಧಾರ್ ಎಲ್ಲಾರ್ಗೂ ಇರ್ತದೆ ಕಣಯ್ಯ!”

ಸಂಜೆ ಒಂದು ಚೀಲ ಬಂತು. ಸನ್ಮಾನಪತ್ರಗಳು, ಶಾಲು ಹೊದ್ದ ಫೋಟೋಗಳು, ಒಂದು ಪೆನ್‌ಡ್ರೈವು. “ಇದು ಸಂಘದ ಇತಿಹಾಸ. ಒಂದೂ ಬುಡಕೂಡ್ದು,” ಎಂದರು. ಲಿಂಗಯ್ಯ ಒಂದನ್ನೂ ಬಿಡಲಿಲ್ಲ.

ಸ್ಕ್ಯಾನ್ ಆದ ಕಾಗದಗಳನ್ನು ಜನಕ್ಕೆ ವಾಪಸ್ಸು ಕೊಡಲು ಅವನಿಗೆ ಪುರುಸೊತ್ತಾಗಲಿಲ್ಲ. ಅವನ್ನೆಲ್ಲ ಬೀರುವಿಗೆ ತುಂಬಿದ. ಬೀರು ಸಾಲದೆ ಪಶು ಆಹಾರದ ಖಾಲಿ ಚೀಲಗಳಿಗೆ ತುಂಬಿದ. ಕೊನೆಗೆ ಆ ಕಾಗದರಹಿತ ಕಚೇರಿಯಲ್ಲಿ ಕಾಗದದ ದೆಸೆಯಿಂದ ಕಾಲಿಡುವುದಕ್ಕೂ ಜಾಗವಿಲ್ಲದಂತಾಯಿತು.

ಹೀಗಿರುವಾಗ ಒಂದು ಬೆಳಗ್ಗೆ ಆಮಿನಾಬಿ ಸಾಲಿನಲ್ಲಿ ಮೊದಲಿಗಳಾಗಿ ಬಂದು ತನ್ನ ಎಮ್ಮೆ ಹಾಲಿನ ಕ್ಯಾನನ್ನು ಕಿಟಕಿಯ ಮೇಲಿಟ್ಟಳು. ಆಮಿನಾಬಿ ಎಂದರೆ ಕೊಪ್ಪಲಿನಲ್ಲಿ ಎಮ್ಮೆಯೂ ಹೆದರುವ ಹೆಂಗಸು. ಲಿಂಗಯ್ಯ ಅಳತೆ ಮಾಡಿ ಗುಂಡಿ ಒತ್ತಿದ. ಪರದೆಯ ಮೇಲೆ ಕೆಂಪು ಪೆಟ್ಟಿಗೆಯೊಂದು ಎದ್ದು ನಿಂತಿತು. ಒಳಗೆ ಉದ್ದದ ಇಂಗ್ಲಿಷು. ಅದರಲ್ಲಿ ‘ಫುಲ್’ ಎಂಬ ಒಂದು ಪದ ಮಾತ್ರ ಲಿಂಗಯ್ಯನಿಗೆ ಪರಿಚಯದ್ದು.

“ಆಮಿನಕ್ಕ, ತುಂಬೋಗದೆ.”

“ಏನ್ ತುಂಬೋಗದೆ? ನನ್ ಹಾಲಿನ್ನೂ ನಿನ್ ಕ್ಯಾನಿಗೇ ಬಿದ್ದಿಲ್ಲ!”

“ಕ್ಯಾನ್ ಅಲ್ಲ ಕಣಕ್ಕ. ಡೇಟಾಬೇಸು.”

“ಅದ್ಯಾರದು? ಅವ್ರ ಮನೇಲಿ ಎಷ್ಟೆಮ್ಮೆ ಕರೀತವೆ?”

ಹಿಂದೆ ನಿಂತವರು ಗಲಾಟೆ ಮಾಡತೊಡಗಿದರು. “ಬರ್ಕೊಂಡು ಹಾಲು ತಕ್ಕಳಯ್ಯ!” ಎಂದ ಒಬ್ಬ. ಬರೆದುಕೊಳ್ಳಲು ಕಾಗದವಿಲ್ಲ ಎಂದ ಲಿಂಗಯ್ಯ. ಇದ್ದರೂ ಬರೆಯುವುದು ನಿಯಮಕ್ಕೆ ವಿರುದ್ಧ ಎಂದು ಗೋಡೆಯ ಮೇಲಿದ್ದ ಪ್ರಮಾಣಪತ್ರ ತೋರಿಸಿದ. ಆಮೇಲೆ ಮುದಸ್ಸಿರನಿಗೆ ಫೋನ್ ಮಾಡಿದ. ಮುದಸ್ಸಿರ್ ಹುಣಸೂರಿನ ನೆಂಟರ ಮನೆಯಿಂದ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಸುತ್ತ ಬಸ್ಸಿನವರ ಕೂಗು.

“ಏನಂತ ಬರ್ತಿದೆ ಅಣ್ಣ?”

“ಫುಲ್ ಅಂತ ಬತ್ತಾ ಅದೆ ಕಣಪ್ಪ.”

“ಒಳಗೆ ಏನೇನ್ ಹಾಕಿದ್ದೀರ?”

“ಎಲ್ಲಾನೂ.”

“ಎಲ್ಲಾನೂ ಅಂದ್ರೆ?”

“ಎಲ್ಲಾನೂ ಅಂದ್ರೆ ಎಲ್ಲಾನೂ. ಪಹಣಿ, ಪಾಸ್‌ಬುಕ್ಕು, ಹಸ, ಕರ, ಅಧ್ಯಕ್ಷರು…”

“ಯಾ ಅಲ್ಲಾ! ಅದು ಹಾಲಿನ ಲೆಕ್ಕ ಇಡೋ ಜಾಗ ಅಣ್ಣ! ಬಿಟ್ಟಿ ಸಿಗೋ ಡೇಟಾಬೇಸು, ಇಷ್ಟೇ ಹಿಡಿಯೋದು ಅಂತ ಅದಕ್ಕೊಂದು ಮಿತಿ ಇರ್ತದೆ. ಫೈಲೆಲ್ಲ ಅದ್ರೊಳ್ಗೆ ತುರುಕಿದ್ರೆ ಇನ್ನೇನಾಗ್ತದೆ? ಫೈಲು ಹೊರ್ಗೆ ಇರ್ಬೇಕು. ಒಳ್ಗೆ ಅದ್ರ ಅಡ್ರೆಸ್ಸು ಮಾತ್ರ ಇರ್ಬೇಕು!”

“ಹೊರ್ಗೆ ಅಂದ್ರೆ?”

“ಹೊರ್ಗೆ ಅಂದ್ರೆ ಹೊರ್ಗೆ! ಹೊರ್ಗಡೆ ಒಂದು ಜಾಗ ಮಾಡಿ ನೀಟಾಗಿ ಜೋಡ್ಸಿಟ್ರೆ…” ಅಷ್ಟರಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯಿತು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ.

ಲಿಂಗಯ್ಯ ಸುತ್ತ ನೋಡಿದ. ಬೀರು, ಚೀಲ, ಫೈಲು. ಒಂದೇ ಕಾಗದ ಕಂಪ್ಯೂಟರಿನಲ್ಲೂ ಇದೆ, ಅದರ ಮಗ್ಗುಲಲ್ಲೇ ಬೀರುವಿನಲ್ಲೂ ಇದೆ. ಒಂದೇ ಕೋಣೆಯೊಳಗೆ ಎರಡೆರಡಾದರೆ ತುಂಬದೆ ಏನು ಮಾಡೀತು? ಮುದಸ್ಸಿರ್ ಹೇಳಿದ್ದು ಅವನಿಗೆ ಕನ್ನಡಿಯಷ್ಟು ಸ್ಪಷ್ಟವಾಯಿತು.

“ಬನ್ರಪ್ಪೋ, ಬೀರು ಹಿಡೀರಿ. ಫೈಲೆಲ್ಲ ಹೊರೀಕೆ ಹೋಗ್ಬೇಕಂತೆ!”

ಸಾಲಿನಲ್ಲಿದ್ದ ಗಟ್ಟಿ ಆಳುಗಳು ಬೀರುವನ್ನು ಬಳಸಿ ಹಿಡಿದು ಅಡ್ಡ ಮಾಡಿ ಬೀದಿಗೆ ತಂದರು. ಟಾರ್ಪಾಲು ಹಾಸಿ, ‘ನೀಟಾಗಿ’ ಎಂದಿದ್ದರಿಂದ ಫೈಲುಗಳನ್ನು ಸಾಲಾಗಿ ಜೋಡಿಸಿ, ಹಾರದಂತೆ ಒಂದೊಂದರ ಮೇಲೆ ಒಂದೊಂದು ಕಲ್ಲಿಟ್ಟರು. ಇನ್ನು ಅಡ್ರೆಸ್ಸು. ಲಿಂಗಯ್ಯ ಬಳಪ ಹಿಡಿದು ಕಂಪ್ಯೂಟರಿನ ಹಿಂದಿನ ಗೋಡೆಯ ಮೇಲೆ ಬರೆಯಲು ನಿಂತ.

“ಆಮಿನಕ್ಕ, ಅಡ್ರೆಸ್ ಏಳು.”

“ನಿನ್ ಮದ್ವೆಗೆ ಗಡಿಗೆ ಮೊಸ್ರು ಹೊತ್ಕೊಂಡು ಬಂದೋಳು ನಾನು. ನನ್ ಅಡ್ರೆಸ್ ಕೇಳ್ತೀಯಾ? ಯಾಕೆ, ನಾನೇನು ಪಾಕಿಸ್ತಾನ್ದಿಂದ ಬಂದಿವ್ನಾ?”

“ನಿಂದು ಮಾತ್ರ ಅಲ್ಲ ಕಣಕ್ಕ, ಎಲ್ಲಾರ್ದೂ ಬೇಕಂತೆ.”

“ಹಂಗಾರೆ ಬರ್ಕೊ. ಲಿಂಗಯ್ಯನ ಮನೆ ಹಿಂದ್ಗಡೆ ಮನೆ!”

ಎಲ್ಲರ ಅಡ್ರೆಸ್ಸೂ ಹೀಗೇ ಬಂತು. ಮರದ ಮುಂದೆ, ಬಾವಿಯ ಪಕ್ಕ, ಸಿದ್ದಮ್ಮನ ಮನೆಯ ಎದುರು. ಸಿದ್ದಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಗೋಡೆ ತುಂಬಿತು. ಲಿಂಗಯ್ಯ ಹಿಂತಿರುಗಿ ಗುಂಡಿ ಒತ್ತಿದ. ಕೆಂಪು ಪೆಟ್ಟಿಗೆ ಅಲ್ಲೇ ನಿಂತಿತ್ತು.

“ಅಷ್ಟೊಂದು ಕಾಗ್ದ ಬೀದೀಲಿ ಬಿದ್ದದೆ, ನನ್ ಹಾಲು ಬರ್ಕೊಳಕ್ಕೆ ಒಂದು ಕಾಗ್ದ ಇಲ್ವಾ ನಿನ್ನತ್ರ?” ಎಂದು ಆಮಿನಾಬಿ ಸೆರಗು ಸಿಕ್ಕಿಸಿಕೊಂಡಳು.

“ಅವೆಲ್ಲ ದಾಖ್ಲೆ ಕಣಕ್ಕ. ದಾಖ್ಲೆ ಮೇಲೆ ಬರೀಬಾರ್ದು.”

ಅಷ್ಟು ಹೊತ್ತಿಗೆ ಮಿರ್ಲೆಯ ಕಡೆಗೆ ಹೊರಟಿದ್ದ ಆಟೋ ಒಂದು ನಿಧಾನ ಮಾಡಿ, ಬೀದಿಯಲ್ಲಿದ್ದ ಬೀರುವನ್ನು ಕಣ್ತುಂಬ ನೋಡಿಕೊಂಡು ಹೋಯಿತು. ಡೈರಿಯ ಬೀರು ಬೀದಿಗೆ ಬಂತು ಎಂದು ಅದರಲ್ಲಿದ್ದವರು ಮಿರ್ಲೆಯಲ್ಲಿ ಹೇಳಿದರು. ಆ ಸುದ್ದಿ ಮಿರ್ಲೆಯಿಂದ ಹೊರಡುವಾಗ ಡೈರಿಗೆ ಬೀಗ ಬಿತ್ತು ಎಂದಾಗಿತ್ತು. ಹೊಸ ಅಗ್ರಹಾರ ದಾಟುವಾಗ ಸೆಕ್ರೆಟರಿ ಸಸ್ಪೆಂಡ್ ಆಗಿದ್ದ. ಅಲ್ಲಿಂದ ಅದು ಫೋನಿನಲ್ಲಿ ಎಚ್.ಡಿ. ಕೋಟೆಗೆ ಹಾರಿ, ಲಿಂಗಯ್ಯನ ಭಾವಮೈದುನ ಸಿದ್ದರಾಜುವಿನ ಕಿವಿಗೆ ಬಿದ್ದು, ಅವನ ಬಾಯಿಂದ ಅವನ ಅಕ್ಕ, ಅಂದರೆ ಲಿಂಗಯ್ಯನ ಹೆಂಡತಿ ರಾಚಮ್ಮನ ಫೋನಿಗೆ ಬಂದಿಳಿಯಿತು. ಡೈರಿಗೂ ರಾಚಮ್ಮನ ಮನೆಗೂ ಮಧ್ಯೆ ಇದ್ದದ್ದು ಒಂದು ತಿರುವು.

ರಾಚಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಏನ್ರೀ ಇದು! ಮಾನ ಬೀದಿಗೆ ಬಂತಲ್ರೀ!”

“ಮಾನ ಅಲ್ಲ ಕಣೆ, ಬೀರು.”

“ಸಸ್ಪೆಂಡ್ ಆಗಿದೀರಂತೆ! ನನ್ಗೆ ಒಂದ್ಮಾತು ಏಳ್ದೆ ಅದೆಂಗ್ ಆದ್ರಿ?”

ಲಿಂಗಯ್ಯ ಉತ್ತರ ಕೊಡುವುದರೊಳಗೆ ಅಧ್ಯಕ್ಷ ಚಿಕ್ಕಬಸಪ್ಪನವರ ಸ್ಕೂಟರು ಬಂತು. ಅವರು ಯಾವತ್ತೂ ಸಾಲಿನಲ್ಲಿ ನಿಂತವರಲ್ಲ. ತಮ್ಮ ಹಾಲಿನ ಕ್ಯಾನನ್ನು ಎಲ್ಲರಿಗಿಂತ ಮುಂದೆ ಮೆಟ್ಟಿಲ ಮೇಲೆ ಇಟ್ಟರು. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆಮೇಲೆ ಟಾರ್ಪಾಲಿನ ಕಡೆ ತಿರುಗಿದರು. ಮೈಸೂರು ಪೇಟ ಇಟ್ಟು, ಶಾಲು ಹೊದ್ದ ಅವರ ದೊಡ್ಡ ಫೋಟೋ ಆಕಾಶ ನೋಡುತ್ತ ಮಲಗಿತ್ತು. ಎದೆಯ ಮೇಲೆ ಕಲ್ಲು. ಅದರ ಪಕ್ಕ ಒಂದು ಕೋಳಿ.

“ಲಿಂಗಯ್ಯಾ! ನನ್ನ ಬೀದೀಗ್ ಹಾಕಿದ್ದೀಯಾ?”

“ನಿಮ್ಮೊಬ್ರನ್ನೇ ಅಲ್ಲ ಅಧ್ಯಕ್ಷರೇ, ಎಲ್ಲಾರ್ನೂ ಹಾಕಿವ್ನಿ.”

“ಇದು ಆ ವಿರೋಧ ಪಕ್ಷದವ್ರ ಕೆಲ್ಸ! ನನ್ ಎದೆ ಮ್ಯಾಲೆ ಕಲ್ಲಿಡ್ಸಿದ್ದಾರೆ!” ಎಂದು ಕೂಗುತ್ತ ಅವರು ಕೋಳಿಯನ್ನು ಓಡಿಸಹೋದರು. ಅದು ಫೋಟೋದ ಮೇಲೆಯೇ ಹಾದು ಓಡಿತು.

ಈಗ ಬಂದವರು ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಕೃಷ್ಣಕುಮಾರ್. ಯಾವುದೋ ಡೈರಿಗೆ ಬೀಗ ಬಿದ್ದಿದೆ, ತಾವೇ ಹಾಕಿಸಿದ್ದಂತೆ ಎಂದು ಅವರಿಗೇ ಯಾರೋ ಫೋನ್ ಮಾಡಿ ಕೇಳಿದ್ದರು. ಮಾತಾಡುವುದಕ್ಕಿಂತ ಮೊದಲು ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ ಅವರದು. ಇವತ್ತು ಬಹಳ ಹೊತ್ತು ಒರೆಸಿಕೊಂಡರು.

“ಯಾರ ಆದೇಶದ ಮೇಲೆ ದಾಖಲೆಗಳನ್ನ ಹೊರಗಿಟ್ಟಿದ್ದೀರಿ?”

“ಮುದಸ್ಸಿರ್ ಏಳುದ್ರು ಸಾ.”

“ಮುದಸ್ಸಿರ್ ಯಾವ ಸೆಕ್ಷನ್?”

“ಕೆ.ಆರ್. ನಗರ ಬಸ್‌ಸ್ಟ್ಯಾಂಡ್ ಸೆಕ್ಷನ್ ಸಾ. ಬೇಕ್ರಿ ಪಕ್ಕ.”

“ಲಿಖಿತ ಆದೇಶ ಇದೆಯೇನ್ರೀ? ದಾಖಲೆಗಳನ್ನ ಹೊರಗಿಟ್ಟ ಬಗ್ಗೆ ದಾಖಲೆ ಎಲ್ಲಿ?”

ಲಿಂಗಯ್ಯ ನಿಜವಾಗಿಯೂ ಚಿಂತೆಗೆ ಬಿದ್ದ. “ಅಂತದ್ದು ಒಂದ್ ಮಾಡುದ್ರೆ ಅದ್ನ ಎಲ್ಲಿಡ್ಲಿ ಸಾ? ಒಳೀಕಾ, ಹೊರೀಕಾ?”

ಅಧಿಕಾರಿಗಳ ಮುಖ ಕೆಂಪೇರಿತು. ಈ ಕ್ಷಣವೇ ಎಲ್ಲವೂ ಒಳಗೆ ಹೋಗಬೇಕು, ಇಲ್ಲದಿದ್ದರೆ ನೋಟಿಸ್ ಕೊಡುತ್ತೇನೆ ಎಂದರು. ನೋಟಿಸ್ ಬರೆಯಲು ಕಾಗದ ಕೇಳಿದರು. ಕಾಗದವಿಲ್ಲ ಎಂದ ಲಿಂಗಯ್ಯ. ಜನ ಗೊಳ್ಳೆಂದು ನಕ್ಕದ್ದು ಅಧಿಕಾರಿಗಳಿಗೆ ಅವಮಾನವಾಯಿತು. “ಮೊದಲು ಬೀರು ಎತ್ರೀ!” ಎಂದು ಗುಡುಗಿದರು.

ಅದೇ ಆಳುಗಳು ಫೈಲುಗಳನ್ನು ಸಿಕ್ಕಿದಂತೆ ತುರುಕಿ, ಬೀರು ಎತ್ತಿ ಬಾಗಿಲಿಗೆ ಕೊಟ್ಟರು. ಹೊರಗೆ ಬರುವಾಗ ಅಡ್ಡವಾಗಿ ಬಂದದ್ದನ್ನು ಈಗ ನೆಟ್ಟಗೆ ನುಗ್ಗಿಸಿದರು. ಬೀರುವಿನ ಬಾಗಿಲು ತೆರೆದುಕೊಂಡು ಕೋಣೆಯ ಬಾಗಿಲಿಗೆ ತಗುಲಿಕೊಂಡಿತು. ಒಳಗಿನವರು ಎಳೆದರು, ಹೊರಗಿನವರು ತಳ್ಳಿದರು. ಅದು ಹೊಸ್ತಿಲ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಕಚ್ಚಿಕೊಂಡು ನಿಂತಿತು. ಮುದಸ್ಸಿರನ ಮಾತನ್ನೂ ಅಧಿಕಾರಿಗಳ ಮಾತನ್ನೂ ಸಮಸಮನಾಗಿ ಪಾಲಿಸಿದ ಹಾಗಾಯಿತು. ಒಳಗಿದ್ದವರು ಹಾಲಿನ ಕಿಟಕಿಯಿಂದ ಒಬ್ಬೊಬ್ಬರಾಗಿ ಹೊರಗಿಳಿದರು.

ಆಗ ಶೀತಲ ಕೇಂದ್ರದ ಹಾಲಿನ ಲಾರಿ ಬಂತು. ಡ್ರೈವರ್ ಕೆಳಗೂ ಇಳಿಯದೆ ಹೇಳಿದ: “ಲೆಕ್ಕ ಇಲ್ದಿದ್ರೆ ಹಾಲು ಎತ್ತಲ್ಲ. ನಂಗಿನ್ನೂ ಮುಂದಿನ್ ಊರ್ಗಳಿವೆ. ಹೊಂಟೆ.”

ನಗು ನಿಂತಿತು. ಎಲ್ಲರೂ ತಮ್ಮ ತಮ್ಮ ಕ್ಯಾನು ನೋಡಿಕೊಂಡರು. ಬಿಸಿಲು ಏರುತ್ತಿತ್ತು. ಬೆಳಗಿನ ಕತ್ತಲಲ್ಲಿ ಎದ್ದು ಹುಲ್ಲು ಹಾಕಿ, ಹಿಂಡಿ ಕಲಸಿ, ಕೆಚ್ಚಲು ತೊಳೆದು ಕರೆದ ಹಾಲು ಅದು. ಊರಿಗೆ ಊರೇ ಕೈಕಟ್ಟಿ ನಿಂತು ಅದು ಒಡೆಯುವುದನ್ನು ಕಾಯಬೇಕಾಗಿತ್ತು. ಆಮಿನಾಬಿ ನಡೆದು ಹೋಗಿ, ಲಾರಿಯ ಮುಂದಿನ ಚಕ್ರಕ್ಕೆ ತನ್ನ ಕ್ಯಾನ್ ಒರಗಿಸಿ, ಅದರ ಪಕ್ಕದಲ್ಲಿ ಕಾಲು ನೀಡಿ ಕೂತಳು.

“ಹತ್ಸಪ್ಪ. ಮೊದ್ಲು ಹಾಲಿನ ಮ್ಯಾಲೆ, ಆಮೇಲೆ ನನ್ ಮ್ಯಾಲೆ.”

ಡ್ರೈವರ್ ಇಂಜಿನ್ ಆರಿಸಿದ.

ಮುದಸ್ಸಿರ್ ಬಂದದ್ದು ಆಗ. ದಾರಿಯುದ್ದಕ್ಕೂ ಫೋನ್ ಸಿಗದೆ, ಬಸ್ಸಿಳಿದು ಯಾರದೋ ಬೈಕ್ ಹತ್ತಿ ಬಂದಿದ್ದ. ಹೊಸ್ತಿಲಲ್ಲಿ ಸಿಕ್ಕಿಕೊಂಡ ಬೀರುವನ್ನು ನೋಡಿದ. ಟಾರ್ಪಾಲು ನೋಡಿದ.

“ಅಣ್ಣ, ಏನಿದು?”

“ನೀನೇ ಏಳ್ದಲ್ಲಪ್ಪ!” ಎಂದು ಲಿಂಗಯ್ಯ ಇಷ್ಟು ಹೊತ್ತು ತಡೆದುಕೊಂಡಿದ್ದನ್ನೆಲ್ಲ ಅವನ ಮೇಲೆ ಸುರಿದ. “ಫೈಲು ಹೊರೀಕೆ, ಅಡ್ರೆಸ್ ಒಳೀಕೆ ಅಂದೆ. ಗೋಡೆ ತುಂಬ ಬರ್ದಿವ್ನಿ, ಓದ್ಕೊ ಹೋಗು! ಕೈ ನೋಯೋಗಂಟ ಬರ್ದಿವ್ನಿ!”

ಮುದಸ್ಸಿರ್ ತಲೆಯ ಮೇಲೆ ಕೈಯಿಟ್ಟುಕೊಂಡ. “ಡೇಟಾಬೇಸಿಂದ ಹೊರ್ಗೆ ಅಣ್ಣ! ಊರಿಂದ ಹೊರ್ಗೆ ಅಲ್ಲ! ಅದೇ ಕಂಪ್ಯೂಟರಲ್ಲಿ ಬೇರೆ ಕಡೆ ಒಂದು ಫೋಲ್ಡರ್ ಮಾಡಿ ಫೈಲ್ ಇಡೋದು. ಯಾವ ಫೈಲು ಎಲ್ಲಿದೆ ಅನ್ನೋ ಒಂದು ಸಾಲು ಮಾತ್ರ ಡೇಟಾಬೇಸಲ್ಲಿ ಇರೋದು!”

“ಅದ್ನ ಹಂಗೇ ಏಳೋಕ್ ನಿಂಗೇನಾಗಿತ್ತು?”

ಬಾಗಿಲಲ್ಲಿ ದಾರಿಯಿರಲಿಲ್ಲ. ಹಾಲಿನ ಕಿಟಕಿಯೊಂದೇ ಉಳಿದದ್ದು. ಮುದಸ್ಸಿರ್ ತಲೆ, ಭುಜ ತೂರಿಸಿ ನಡುವಿನ ಹತ್ತಿರ ಸಿಕ್ಕಿಕೊಂಡ. ಹುಣಸೂರಿನ ನೆಂಟರ ಬಿರಿಯಾನಿ ಅಡ್ಡ ಬಂದಿತ್ತು. ಆಮಿನಾಬಿ ಲಾರಿ ಕಾಯಲು ರಾಚಮ್ಮನನ್ನು ಕೂರಿಸಿ ಎದ್ದು ಬಂದು, “ಬಿಸ್ಮಿಲ್ಲಾ!” ಎಂದು ಕೆಳಗಿನಿಂದ ಒಂದು ನೂಕು ನೂಕಿದಳು. ಅವನು ಖಾಲಿ ಕ್ಯಾನುಗಳ ಮೇಲೆ ಹೋಗಿ ಬಿದ್ದ ಸದ್ದು ಕೇಳಿಸಿತು.

ಒಳಗೆ ಕೀಲಿಮಣೆ ಟಕಟಕ ಎಂದಿತು. ಸ್ವಲ್ಪ ಹೊತ್ತಿಗೆ ಅವನ ಮುಖ ಕಿಟಕಿಯಲ್ಲಿ ಕಾಣಿಸಿತು.

“ಅಣ್ಣ, ನಿಮ್ಮ ಪಹಣಿ, ಆಧಾರೆಲ್ಲ ಲೆಕ್ಕಕ್ಕೇ ಇಲ್ಲ. ಜಾಗ ತಿಂದಿರೋದು ಬೇರೆ. ‘ಸಂಘದ ಇತಿಹಾಸ’ ಅಂತ ವಿಡಿಯೋ ಇದ್ಯಲ್ಲ, ಏನದು? ಒಂದೇ ವಿಡಿಯೋನ ಮತ್ತೆ ಮತ್ತೆ ಹಾಕಿದ್ದೀರ.”

“ಟಿಂಗ್ ಅನ್ಲಿಲ್ಲ ಕಣಪ್ಪ, ಅದ್ಕೆ,” ಎಂದ ಲಿಂಗಯ್ಯ.

ಮುದಸ್ಸಿರ್ ಅದನ್ನು ತೆರೆದ. ಕಿಟಕಿಯಿಂದ ಭರ್ಜರಿ ನಾದಸ್ವರ ಹೊರಟಿತು. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಪರದೆಯ ಮೇಲೆ ಚಿಕ್ಕಬಸಪ್ಪನವರು ಹೊಸ ಪಂಚೆಯುಟ್ಟು ಮಗಳ ಧಾರೆ ಎರೆಯುತ್ತಿದ್ದರು.

ಆ ನಾದಸ್ವರ ಮುಗಿದದ್ದೇ ತಡ, ಎಲ್ಲರೂ ಒಟ್ಟಿಗೇ ಮಾತಾಡಿದರು.

“ನಮ್ ಹಾಲ್ ನಿಲ್ಸಿದ್ದು ಇವ್ರ ಮಗ್ಳ ಮದ್ವೆನಾ!”

“ಮದ್ವೆಗೆ ನೀವೆಲ್ಲಾ ಬಂದು ಉಣ್ಲಿಲ್ವೇನ್ರಯ್ಯ?” ಎಂದು ಚಿಕ್ಕಬಸಪ್ಪನವರು ಸ್ಕೂಟರಿನ ಮೇಲೆ ಕೈಯೂರಿ ತಿರುಗಿಬಿದ್ದರು. “ಪಾಯ್ಸ ಇನ್ನೊಂದ್ಸಲಿ ಹಾಕುಸ್ಕೊಂಡವ್ರು ಇಲ್ಲೇ ಅವ್ರೆ, ಹೆಸ್ರೇಳ್ಲಾ?”

“ನಾವು ಉಂಡಿದ್ದು ಒಂದೊತ್ತು. ನಿಮ್ ಮದ್ವೆ ಕಂಪ್ಯೂಟ್ರೊಳ್ಗೆ ಕೂತ್ಕೊಂಡು ಅವತ್ತಿಂದ ಉಣ್ತಾನೇ ಅದಲ್ರೀ!” ಎಂದಳು ಆಮಿನಾಬಿ.

ಅಧಿಕಾರಿಗಳು ಕನ್ನಡಕ ಒರೆಸಿಕೊಂಡು, ಮದುವೆಯನ್ನು ಡೇಟಾಬೇಸಿನಿಂದ ತಕ್ಷಣ ಹೊರಗೆ ಹಾಕುವಂತೆ ಮೌಖಿಕ ಆದೇಶ ಮಾಡಿದರು. ಮುದಸ್ಸಿರ್ ಅದನ್ನು ಫೋಲ್ಡರಿಗೆ ಕಳಿಸಿ, ನಕಲುಗಳನ್ನು ಅಳಿಸಿದ. ಉಳಿದ ದಾಖಲೆಗಳನ್ನೂ ಸಾಲಾಗಿ ಅಲ್ಲಿಗೇ ಸಾಗಹಾಕಿದ. ಕೆಂಪು ಪೆಟ್ಟಿಗೆ ಹೋಯಿತು. ಲಿಂಗಯ್ಯ ಹೊರಗೆ ನಿಂತು ಹಾಲು ಅಳೆದು ಕೂಗಿದ, ಮುದಸ್ಸಿರ್ ಒಳಗೆ ಕೂತು ಒತ್ತಿದ. ಲಾರಿಯವನು ಒಂದೊಂದೇ ಕ್ಯಾನು ಮೂಸಿ ನೋಡಿ ಏರಿಸಿಕೊಂಡ. ದೇವರ ದಯೆ, ನೆರಳಿನಲ್ಲಿದ್ದ ಹಾಲಿಗೆ ಏನೂ ಆಗಿರಲಿಲ್ಲ. ಮೆಟ್ಟಿಲ ಮೇಲಿದ್ದ ಒಂದು ಕ್ಯಾನು ಮಾತ್ರ ಮುಚ್ಚಳ ತೆಗೆಯುತ್ತಲೇ ಮೂಗಿಗೆ ಹೊಡೆಯಿತು.

“ಇದ್ಯಾರ್ದು?” ಎಂದ ಡ್ರೈವರ್.

ಚಿಕ್ಕಬಸಪ್ಪನವರು ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು, ಕ್ಯಾನನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಹೋದರು. ಇದು ವಿರೋಧ ಪಕ್ಷದವರ ಕೆಲಸವೇ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಮಧ್ಯಾಹ್ನ ಲಿಂಗಯ್ಯ ಮನ್ನಣೆಯಿಲ್ಲದ ಮನುಷ್ಯನಾಗಿ ಮನೆಗೆ ಬಂದರೆ ಬಾಗಿಲಲ್ಲಿ ಜೀಪು ನಿಂತಿತ್ತು. ಎಚ್.ಡಿ. ಕೋಟೆಯಿಂದ ಭಾವಮೈದುನ ಸಿದ್ದರಾಜು, ಅವನ ಹೆಂಡತಿ, ಅವಳ ಚಿಕ್ಕಪ್ಪ ಎಲ್ಲರೂ ಸಮಾಧಾನ ಹೇಳಲು ಬಂದು ಜಗಲಿಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಸಿದ್ದರಾಜು ಎದ್ದು ಅವನ ಕೈ ಹಿಡಿದುಕೊಂಡ.

“ಧೈರ್ಯ ತಂದ್ಕೊ ಭಾವ. ಕೆಲ್ಸ ಹೋದ್ರೇನು, ನಾವಿದೀವಿ.”

“ಕೆಲ್ಸ ಎಲ್ಲಯ್ಯ ಹೋಗದೆ? ಸಂಜೆ ಹಾಲಿಗೆ ಹೋಗ್ಬೇಕು ನಾನು.”

ಸಿದ್ದರಾಜು ಕೈ ಬಿಟ್ಟ. “ಸಸ್ಪೆಂಡ್ ಆಗಿಲ್ವಾ?”

“ಇಲ್ಲ.”

“ನೋಟೀಸು?”

“ಬರ್ಯಕ್ಕೆ ಕಾಗ್ದ ಇರ್ಲಿಲ್ಲ.”

ಸಿದ್ದರಾಜುವಿಗೆ ಸಿಟ್ಟು ಬಂತು. “ಏನ್ ಭಾವ ಇದು? ನಾನು ಅಂಗ್ಡಿ ಬಾಕ್ಲಾಕ್ಕೊಂಡು, ಜೀಪ್ ಮಾಡ್ಕೊಂಡು, ಬೀದಿಯವ್ರಿಗೆಲ್ಲ ಏಳಿ ಬಂದಿವ್ನಿ. ಈಗ ವಾಪಸ್ ಹೋಗಿ ಏನಂತ ಏಳ್ಲಿ?”

ಬೆಳಗ್ಗಿನಿಂದ ಗಂಡನನ್ನು ಬೈದಿದ್ದ ರಾಚಮ್ಮ ಈಗ ತಮ್ಮನ ಕಡೆ ತಿರುಗಿದಳು. “ನಮ್ಮನೆಯವ್ರ ಕೆಲ್ಸ ಉಳೀತಲ್ಲ ಅಂತ ಬೇಜಾರಾ ನಿಂಗೆ? ಕೂತ್ಕೊ, ಕಾಫಿ ಕುಡ್ದು ಹೊರ್ಡು!” ಎಂದು ಒಳಗೆ ಹೋದಳು. ಕಾಫಿ ಬಂತು. ಕಪ್ಪಗಿತ್ತು. ಮನೆಯ ಹಸುವಿನ ಹಾಲನ್ನೂ ಆ ಗಲಾಟೆಯಲ್ಲಿ ಒಂದು ತೊಟ್ಟೂ ಉಳಿಸಿಕೊಳ್ಳದೆ ಲಾರಿಗೆ ಹಾಕಿಬಿಟ್ಟಿದ್ದರು.

ಚಿಕ್ಕಪ್ಪ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಸಿದ್ದರಾಜುವಿನ ಹೆಂಡತಿ ಗಂಡನ ಮುಖ ನೋಡಿದಳು. ಯಾರೂ ಏನೂ ಕೇಳಲಿಲ್ಲ. ಮರ್ಯಾದಸ್ಥರು ಕೇಳುವ ವಿಷಯವಲ್ಲ ಅದು. ಲೋಟ ಇಟ್ಟು, ರಾಚಮ್ಮನ ತಲೆ ಸವರಿ ಜೀಪು ಹತ್ತಿದರು.

ಕೋಟೆಯ ಸಿದ್ದರಾಜುವಿನ ಬೀದಿಯಲ್ಲಿ ಈಗ ಯಾರಿಗೂ ಅನುಮಾನ ಉಳಿದಿರಲಿಲ್ಲ. ಡೈರಿ ಸೆಕ್ರೆಟರಿಯ ಮನೆಯಲ್ಲಿ ಕಾಫಿಗೆ ಹಾಲಿಲ್ಲ ಎಂದ ಮೇಲೆ ಇನ್ನೇನು ಉಳಿಯಿತು? ಪಾಪ, ಮಾನಕ್ಕೆ ಅಂಜಿ ಒಪ್ಪಿಕೊಳ್ಳುತ್ತಿಲ್ಲ ಎಂದರು. ವಾರದೊಳಗೆ ಬಸ್ಸಿನ ಮೇಲೆ ಒಂದು ಮೂಟೆ ರಾಗಿ ಬಂದು ಲಿಂಗಯ್ಯನ ಮನೆಯ ಮುಂದೆ ಇಳಿಯಿತು.

ಲಿಂಗಯ್ಯ ಕೆರಳಿ ನಿಂತ. “ಇದೀಗ್ಲೇ ವಾಪಸ್ ಹೋಗ್ಬೇಕು! ನಾನೇನು ಭಿಕ್ಷೆ ಬೇಡಿದ್ನಾ? ಕೆಲ್ಸದಲ್ಲಿರೋ ಮನ್ಸ ನಾನು!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ. ರಾಚಮ್ಮ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದಳು. ರಾಗಿ ಚೆನ್ನಾಗಿತ್ತು. ಮೊರಕ್ಕೆ ಸುರಿದುಕೊಂಡು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಅದೇ ರಾಗಿಯ ಮುದ್ದೆ, ಅವರೆಕಾಳಿನ ಸಾರು. ಲಿಂಗಯ್ಯ ಕೋಪ ಇಳಿಯದೆಯೇ ತಟ್ಟೆಯ ಮುಂದೆ ಕೂತ. ಅದೇ ಕೋಪದಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡ.